ಎರಡು ಸಲ ಕೂಡಿದ ಖರ್ಚು

ಪೆಟ್ರೋಲಿನಿಂದ ಗಂಧಕ ತೆಗೆದರೆ ಅದರ ಆಕ್ಟೇನ್, ಅಂದರೆ ಎಂಜಿನ್ನಿನಲ್ಲಿ ಸರಿಯಾಗಿ ಉರಿಯುವ ಗುಣ, ಇಳಿಯುತ್ತದೆ; ಅದನ್ನು ಮತ್ತೆ ಏರಿಸಲು ಖರ್ಚು ತಗಲುತ್ತದೆ. ರಿಫೈನರಿಗಳಿಗೆ ಅಂದಾಜು ಮಾಡಿಕೊಡುವ ಶ್ರೀಪತಿ ಆ ಖರ್ಚನ್ನು ಎರಡು ಸಲ ಕೂಡಿಬಿಟ್ಟಿದ್ದ. ಮೊತ್ತ ನೋಡಿ ಹೌಹಾರಿದ ರಿಫೈನರಿಯ ಸಾಹೇಬರು, ಹೊಗೆಯ ವಿಷ ತಗ್ಗಿಸುವ ಶುದ್ಧ ಪೆಟ್ರೋಲಿನ ಯೋಜನೆಯನ್ನೇ ಮೂಲೆಗೆ ತಳ್ಳಿದರು. ಮರುದಿನವೇ ತಪ್ಪು ಶ್ರೀಪತಿಯ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷದ ಹೆಸರು ಕೆಟ್ಟೀತೆಂದು ಹೇಡಿ ತುಟಿ ಬಿಚ್ಚಲಿಲ್ಲ.

ವಡೋದರಾದ ಫತೇಗಂಜ್ ಸಿಗ್ನಲಿನಲ್ಲಿ, ಸ್ಕೂಟರಿನ ಹಿಂದೆ ಕೂತಿದ್ದ ಹೆಂಡತಿ ವಿಂಧ್ಯಾ ಕೆಮ್ಮಿದಳು. "ಈ ಹೊಗೆಗೆ ಏನೂ ಮಾಡೋಕಾಗಲ್ವೇನ್ರೀ?"

"ಆಗತ್ತೆ. ಖರ್ಚು ಜಾಸ್ತಿ ಅಂತ ಬಿಟ್ರು."

"ಲೆಕ್ಕ ಹಾಕಿದ್ದು ಯಾರು?"

"ನಾನೇ."

"ಹಾಗಾದ್ರೆ ಸರಿಯಾಗೇ ಇರತ್ತೆ ಬಿಡಿ," ಎಂದು ಅವಳು ದುಪಟ್ಟಾವನ್ನು ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡಳು.

ಸ್ಕೂಟರಿನ ಕನ್ನಡಿಯಲ್ಲಿ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು. ಶ್ರೀಪತಿ ಮೆಲ್ಲಗೆ ಕನ್ನಡಿಯನ್ನು ಆಚೆ ತಿರುಗಿಸಿದ.