ಆಟದೊಳಗಿನ ಅಣ್ಣ

ಮನ್ಸೂರಾ ಪಟ್ಟಣದ ನಮ್ಮ ಬೀದಿಯಲ್ಲಿ ಗಂಡುಮಕ್ಕಳು ತಾಯಿಯ ಹೆಸರನ್ನು ಸ್ನೇಹಿತರ ಮುಂದೆ ಬಾಯಿ ಬಿಡುವುದಿಲ್ಲ. ಬಿಟ್ಟರೆ ಮುಗಿಯಿತು, ಸಾಯುವ ತನಕ ಅದೇ ಗೇಲಿ. ನನ್ನಮ್ಮ ಎಲ್ಲರಿಗೂ ಉಮ್ಮು ಹಾಝಿಮ್, ಹಾಝಿಮನ ತಾಯಿ. ಅವಳ ಸ್ವಂತ ಹೆಸರು ನಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ. ಅದನ್ನು ನನ್ನ ಬಾಯಿಂದಲೇ ದಾಟಿಸಿದವನು ನನ್ನ ಗೆಳೆಯ ವಗ್ದಿ. ಅಮ್ಮನ ಕೈಯ ಮೊಲೊಖಿಯಾ ಸೊಪ್ಪಿನ ಸಾರು ಸುರಿದುಕೊಂಡು ಬೆಳೆದವನು, ಉಂಡ ಮನೆಗೆ ಎರಡು ಬಗೆದ.

ನಾವಿಬ್ಬರೂ ಸೈಬರ್ ಕೆಫೆಯಲ್ಲಿ ಅಕ್ಕಪಕ್ಕ ಕೂತು ಒಂದು ಪಾತ್ರದಾಟ ಆಡುತ್ತಿದ್ದೆವು. ಮರಳುಗಾಡಿನ ವ್ಯಾಪಾರಿಗಳ ಆಟ. ಹೆಡ್‌ಫೋನ್ ಹಾಕಿಕೊಂಡ ಮೇಲೆ ಪಾತ್ರವಾಗಿಯೇ ಮಾತಾಡಬೇಕು, ಅದು ನಮ್ಮ ಬೀದಿಯ ಹುಡುಗರ ತಂಡದ ಕಟ್ಟಳೆ. ಅವನು ಅಣ್ಣ, ನಾನು ತಮ್ಮ. ವಗ್ದಿ ತನ್ನ ಪಾತ್ರವನ್ನು ಪರದೆಯ ಮೇಲೆ ಬೆನ್ನ ಹಿಂದಿನಿಂದ ನೋಡುತ್ತಾ ಆಡುವವನು. ಹೊಸ ನಿಲುವಂಗಿ ತೊಡಿಸಿ ಮದುಮಗನ ಹಾಗೆ ತಿರುಗಿಸಿ ನೋಡುವ ಬಿಂಕದವನು. ನನಗದು ಸೇರದು. ಪಾತ್ರದ ಕಣ್ಣಿಂದಲೇ ನನಗೆ ಕಾಣಬೇಕು: ಮುಂದೆ ಎರಡು ಕೈ, ಒಂಟೆಯ ಕತ್ತು, ಅದರಾಚೆ ಮರಳು. ಸ್ವಲ್ಪ ಹೊತ್ತಿಗೆ ಕುರ್ಚಿ ಮರೆತುಹೋಗುತ್ತಿತ್ತು, ಕೆಫೆಯ ಸಿಗರೇಟು ಹೊಗೆ ಮರೆತುಹೋಗುತ್ತಿತ್ತು, ಹಾಝಿಮನೂ ಮರೆತುಹೋಗುತ್ತಿದ್ದ.

ಆವತ್ತು ದರೋಡೆಕೋರರು ಅಣ್ಣನಿಗೆ ಈಟಿಯಿಂದ ತಿವಿದರು. ನಾನು ಒಂಟೆಯಿಂದ ಹಾರಿ ಅವನ ಪಕ್ಕ ಮಂಡಿಯೂರಿದೆ. ನನ್ನ ಎರಡೂ ಕೈ ಅವನ ಗಾಯ ಒತ್ತಿ ಹಿಡಿದಿದ್ದವು. ನಾನು ನಿಜಕ್ಕೂ ಅಳುತ್ತಿದ್ದೆ.

"ತಮ್ಮಾ, ನಾನು ಉಳಿಯಲ್ಲ ಕಣೋ," ಅಂದ. "ಅಮ್ಮನ ಹೆಸರು ಒಂದ್ಸಲ ಹೇಳು. ಕೇಳ್ಕೊಂಡೇ ಕಣ್ಮುಚ್ತೀನಿ."

ಅಣ್ಣ ಕೇಳಿದ, ತಮ್ಮ ಹೇಳಿದ.

"ಅತಿಯಾತ್."

ಹಿಂದೆ ಹೋ ಎಂದು ಗದ್ದಲ ಎದ್ದಿತು. ಹೆಡ್‌ಫೋನ್ ಕಿತ್ತು ತಿರುಗಿದರೆ ಇಡೀ ತಂಡ ನನ್ನ ಕುರ್ಚಿಯ ಸುತ್ತ ನಿಂತಿದೆ. "ಅತಿಯಾತಂತೆ! ವಗ್ದಿ ಗೆದ್ದ ಕಣ್ರೋ, ಕೊಶರಿ ತರಿಸ್ರೋ!" ಒಂದು ತಟ್ಟೆ ಕೊಶರಿಗೆ ಪಂಥ ಕಟ್ಟಿದ್ದರು. ಅಣ್ಣನ ಸಾವಿಗೆ ಅತ್ತ ಕಣ್ಣೀರು ಇನ್ನೂ ನನ್ನ ಗಲ್ಲದ ಮೇಲಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಎಂದಿನಂತೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿಯನ್ನು ತರಕಾರಿಯವನಿಗೆ ಇಳಿಬಿಟ್ಟಳು. ಮೂಲೆಯಲ್ಲಿದ್ದ ಹುಡುಗರು ರಾಗ ಎಳೆದರು: "ಅತಿಯಾತ್, ಈರುಳ್ಳಿ ಬೇಕಾ? ಅತಿಯಾತ್!" ಅವಳು ಖಾಲಿ ಬುಟ್ಟಿಯನ್ನೇ ಮೇಲೆಳೆದು ಬಾಗಿಲು ಹಾಕಿಕೊಂಡಳು.

"ಯಾರೋ ಮಗಾ ಇವ್ರಿಗೆ ಹೇಳಿದ್ದು?"

ನೇರ ವಗ್ದಿಯ ಮನೆಯ ಮೆಟ್ಟಿಲಿಗೆ ಹೋಗಿ ಅವನ ಕೊರಳಪಟ್ಟಿ ಹಿಡಿದೆ.

"ಅಯ್ಯೋ, ಬಿಡೋ, ಆಟ ಕಣೋ ಅದು!" ಅಂತ ನಕ್ಕ. "ಕೇಳಿದ್ದು ನಾನಲ್ಲಪ್ಪ, ನಿಮ್ಮಣ್ಣ."

"ಸರಿ. ತಮ್ಮ ಕೇಳ್ತಿದಾನೆ ಈಗ. ನಿಮ್ಮಮ್ಮನ ಹೆಸರು ಹೇಳು."

ನಗು ನಿಂತಿತು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅವನು ಕೈ ಹಿಂದೆ ಚಾಚಿ ಬಾಗಿಲನ್ನು ಎಳೆದುಕೊಂಡ.

"ತಲೆ ಕೆಟ್ಟಿದ್ಯಾ ನಿಂಗೆ? ಅಮ್ಮನ ಸುದ್ದಿಗೆ ಬರ್ಬೇಡ."

ನಂಬಿಸಿ ಕತ್ತು ಕೊಯ್ದವನಿಗೂ ತನ್ನ ತಾಯಿ ತಾಯಿಯೇ. ಅವನಿಗೆ ಹೊಡೆಯಲು ನನ್ನ ಕೈ ಏಳಲಿಲ್ಲ. ಅಷ್ಟು ದಿನವೂ ಆ ಮರಳುಗಾಡಿನಲ್ಲಿ ಅಣ್ಣನೆಂಬವನು ಇರಲೇ ಇಲ್ಲ, ನಾನೊಬ್ಬನೇ ಇದ್ದೆ.