ತಪ್ಪು ಮನೆಯ ಬೀಗರು

ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತ ಕಾರವಾರದ ದಂಡೆಗೆ ಬಂದು ತಣ್ಣಗಾಗುತ್ತದೆ, ಹುಬ್ಬಳ್ಳಿ ಕಡೆಗೆ ಬರೀ ತುಂತುರು ಎಂದು ಟಿವಿಯಲ್ಲಿ ಹೇಳಿದ್ದನ್ನು ಉದಯಕುಮಾರರು ಪೂರ್ತಿ ನಂಬಿದ್ದರು. ಮೂವತ್ತೆರಡು ವರ್ಷ ಸರಕಾರಿ ಶಾಲೆಗಳಲ್ಲಿ ಭೂಗೋಳ ಕಲಿಸಿ, ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು ಅವರು. ಸಮುದ್ರಕ್ಕೂ ತಮ್ಮ ಊರಿಗೂ ನಡುವೆ ಇಡೀ ಸಹ್ಯಾದ್ರಿ ಅಡ್ಡ ಮಲಗಿದೆ ಎಂದು ಸಾವಿರಾರು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಹಾಗಾಗಿ ಶನಿವಾರ ಬೆಳಿಗ್ಗೆಯಿಂದ ಒಂದೇ ಸಮ ಹೊಡೆಯುತ್ತಿದ್ದ ಮಳೆಯನ್ನು ಚಂಡಮಾರುತ ಎಂದು ಕರೆಯಲು ಅವರು ತಯಾರಿರಲಿಲ್ಲ.

ಗೋಕುಲ ರಸ್ತೆಯ ಹಿಂದಿನ ಬಡಾವಣೆಯಲ್ಲಿ, ನಾಲಾಕ್ಕೆ ಎರಡು ಓಣಿ ಈಚೆ ಅವರ ಮನೆ. ಕೆಳಗೆ ಅವರು, ಹೆಂಡತಿ ಮಾಯಾ, ತಾಲೂಕು ಕಚೇರಿಯಲ್ಲಿ ನೌಕರಿ ಮಾಡುತ್ತಿದ್ದ ಮಗಳು ಸಂಘಮಿತ್ರಾ. ಮೇಲಿನ ಎರಡು ಖೋಲಿ ಮತ್ತು ಒಂದು ಸಣ್ಣ ಅಡುಗೆಮನೆ ಬಾಡಿಗೆಗೆ. ಬಾಡಿಗೆಯವರು ಬಿಟ್ಟು ಹೋಗಿ ಎರಡು ತಿಂಗಳಾಗಿತ್ತು. ಗೇಟಿಗೆ ಕಟ್ಟಿದ್ದ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯನ್ನು ಶನಿವಾರದ ಗಾಳಿ ಕಿತ್ತೊಯ್ದದ್ದನ್ನು ಅವರು ನೋಡಿರಲಿಲ್ಲ.

ರವಿವಾರ ನಾಲ್ಕು ಗಂಟೆಗೆ ಗೇಟಿನ ಮುಂದೆ ಬಿಳಿ ಕಾರು ನಿಂತಿತು. ಕೊಡೆ ಹಿಡಿದು ಮೂವರು ಇಳಿದರು. ಜರಿ ಅಂಚಿನ ಸೀರೆಯುಟ್ಟ ಮುದುಕಿ, ಅವರ ಮಗ, ಹೊಸ ಅಂಗಿ ತೊಟ್ಟ ಮೊಮ್ಮಗ.

“ಹದಿನಾಲ್ಕನೇ ನಂಬರ, ಮೂರನೇ ಕ್ರಾಸ್ ಇದ ಅಲ್ರಿ?” ಎಂದು ಕೇಳಿದರು ನಡುವಯಸ್ಸಿನವರು. “ನಾವು ನವಲಗುಂದದವ್ರು. ನಾನು ಮುರುಗೆಪ್ಪ, ಹತ್ತಿ ವ್ಯಾಪಾರ. ಇವರು ನಮ್ಮವ್ವ ದಾನವ್ವ, ಇಂವ ನನ್ನ ಮಗಾ ಗುರುಬಸವ. ನೋಡಾಕ ಬಂದೇವ್ರಿ.”

“ಬರ್ರಿ, ಬರ್ರಿ,” ಎಂದರು ಉದಯಕುಮಾರರು. ಇಂಥ ಮಳೆಯಲ್ಲೂ ಮನೆ ನೋಡಲು ಬಂದ ಬಾಡಿಗೆಯವರ ಮೇಲೆ ಅವರಿಗೆ ಅಭಿಮಾನವೇ ಬಂತು. “ಮೊದಲ ಏನರ ತಿನ್ರಿ. ಆಮ್ಯಾಲ ನೋಡೀರಂತ.”

ಮಾಯಾ ಚುರುಮುರಿ ನೆನೆಸಿ, ಒಗ್ಗರಣೆ ಹಾಕಿ ಸುಸಲಾ ಮಾಡಿ ತಂದಿಟ್ಟರು. ದಾನವ್ವ ಮೂಲೆಯ ಸ್ಟೂಲಿನ ಮೇಲಿದ್ದ ಹಿತ್ತಾಳೆಯ ಬುದ್ಧನನ್ನು ನೋಡಿ, “ಮುಂಡಗೋಡದ ಟಿಬೆಟಿನವ್ರ ಕಡೆ ತಗೊಂಡಿರೇನು? ಅಲ್ಲಿ ಇಂಥಾ ಶೋಕಿ ಸಾಮಾನು ಛಲೋ ಸಿಗತಾವ,” ಅಂದರು. ಆಮೇಲೆ ಮುಖ್ಯ ವಿಷಯಕ್ಕೆ ಬಂದರು. “ವರ್ಷ ಎಷ್ಟಾದವ್ರಿ?”

“ಇಪ್ಪತ್ತಾರು ತುಂಬಿ ಇಪ್ಪತ್ತೇಳರಾಗ ಬಿತ್ರಿ. ಆದ್ರ ನೋಡಿದವ್ರು ಯಾರೂ ಅಷ್ಟು ಅನ್ನಂಗಿಲ್ಲ. ಹೋದ ದೀಪಾವಳಿಗೆ ಬಣ್ಣಾ ಹಚ್ಚಿಸೇನಿ.”

“ಬಣ್ಣಾ?”

“ಹೊರಗಷ್ಟ. ಒಳಗ ಮೊದಲಿಂದ ಐತ್ರಿ.”

ಮುರುಗೆಪ್ಪ ತಾಯಿಯ ಮುಖ ನೋಡಿದರು. ದಾನವ್ವ ಗಂಟಲು ಸರಿಮಾಡಿಕೊಂಡು, “ನಮಗಿಂತ ಮೊದಲ ಯಾರರ ನೋಡಿ ಹೋಗ್ಯಾರೇನು?” ಎಂದು ಕೇಳಿದರು.

“ನೋಡೂದೇನ್ ಬಂತ್ರಿ, ಇದ್ದ ಹೋಗ್ಯಾರ. ಬ್ಯಾಂಕಿನವ್ರು ಎರಡು ವರ್ಷ ಇದ್ರು. ಅವರಕಿಂತ ಮೊದಲ ಒಬ್ಬ ಡಾಕ್ಟರ್. ಸತ್ತೂರ ದವಾಖಾನಿಗೆ ಹತ್ರ ಆಗತೈತಿ ಅಂತ ಧಾರವಾಡದಾಗ ಬ್ಯಾರೆ ನೋಡಿಕೊಂಡ್ರು.”

ಬಾಯಿಗೆ ಹೋಗುತ್ತಿದ್ದ ಗುರುಬಸವನ ಚಮಚ ಅಲ್ಲೇ ನಿಂತಿತು.

“ಆ ಬ್ಯಾಂಕಿನವ್ರು ಯಾಕ ಬಿಟ್ರು?” ಮುರುಗೆಪ್ಪನವರ ದನಿ ಸಣ್ಣದಾಗಿತ್ತು.

“ನಾ ಸುಳ್ಳು ಹೇಳಂಗಿಲ್ರಿ. ಮಳಿಗಾಲದಾಗ ಸ್ವಲ್ಪ ಸೋರತೈತಿ.”

ಅದೇ ಹೊತ್ತಿಗೆ ಸಂಘಮಿತ್ರಾ ಒಂದು ಕೈಯಲ್ಲಿ ಚಹಾದ ತಾಟು, ಕಿವಿಗೆ ಮೊಬೈಲು ಹಿಡಿದು ಹೊರಬಂದಳು. ಬಂದವರು ಮೂವರೂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಟ್ಟಿಗೇ ಎದ್ದು ನಿಂತರು. ಅಲ್ಲಿಂದ ಮುಂದೆ ಎಲ್ಲ ಬಯಲಾಗಲು ಐದು ನಿಮಿಷ ಹಿಡಿಯಿತು. ಅವರು ನೋಡಬೇಕಾಗಿದ್ದದ್ದು ದಾಕ್ಷಾಯಿಣಿ ಎಂಬ ಕನ್ಯೆಯನ್ನು. ಆಕೆಯ ಮನೆಯೂ ಹದಿನಾಲ್ಕನೇ ನಂಬರು, ಮೂರನೇ ಕ್ರಾಸೇ. ಆದರೆ ಅದು ಬಡಾವಣೆಯ ಎರಡನೇ ಹಂತ, ಇದು ಮೊದಲನೆಯದು. ಉದಯಕುಮಾರರಿಗೆ ತಾವು ಏನೇನು ಹೇಳಿದೆವು ಎಂಬುದು ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು. ಮಾಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆ ಸೇರಿದರು.

“ತಪ್ಪು ತಿಳೀಬ್ಯಾಡ್ರಿ, ಹೊಂಟೇವಿ,” ಎಂದು ಮುರುಗೆಪ್ಪ ಬಾಗಿಲು ತೆರೆದರು. ಆದರೆ ಕಾರು ಗೇಟಿನ ಮುಂದೆ ಇರಲಿಲ್ಲ. ರಸ್ತೆಯೂ ಇರಲಿಲ್ಲ. ಉಣಕಲ್ಲ ಕೆರೆ ತುಂಬಿ, ನಾಲಾ ಉಕ್ಕಿ, ಕಂದು ನೀರು ಓಣಿಯಲ್ಲಿ ಅವಸರವಿಲ್ಲದೆ ಹರಿಯುತ್ತಿತ್ತು. ಕಾರು ಎದುರುಮನೆಯ ಕಂಪೌಂಡಿಗೆ ಒಮ್ಮೆ ಮೂತಿ ತಾಗಿಸಿ, ಇಂಡಿಕೇಟರ್ ಮಿಟುಕಿಸುತ್ತ, ಸಾವಕಾಶವಾಗಿ ಎಡಕ್ಕೆ ಹೊರಳಿ ಹೋಯಿತು. ನೀರು ಮೂರನೆಯ ಮೆಟ್ಟಿಲಿಗೆ ಬಂದಿತ್ತು.

ಆಮೇಲಿನ ಅರ್ಧ ತಾಸು ಎಲ್ಲರೂ ಕೈಗೆ ಸಿಕ್ಕಿದ್ದನ್ನು ಹೊತ್ತು ಮೇಲೆ ಹತ್ತಿದರು. ಮಾಯಾ ಹಿಟ್ಟಿನ ಡಬ್ಬಿ, ಸ್ಟೋವ್, ಕುಡಿಯುವ ನೀರಿನ ಕೊಡಗಳನ್ನು ಸಾಗಿಸಿದರು. ಗುರುಬಸವ ಹೊಸ ಅಂಗಿಯಲ್ಲೇ ಗಾದಿಗಳನ್ನು ಹೊತ್ತ. ಉದಯಕುಮಾರರು ಮಂಚದ ಕೆಳಗಿದ್ದ ಗೋಡೆ ನಕಾಶೆಗಳ ಸುರುಳಿಗಳನ್ನೇ ನಾಲ್ಕು ಸಲ ಸಾಗಿಸುತ್ತಿದ್ದದ್ದನ್ನು ಕಂಡು ಮಾಯಾ, “ಏಷ್ಯಾ ಖಂಡ ಆಮ್ಯಾಲ ಒಯ್ಯೀರಂತ, ಮೊದಲ ಅಕ್ಕಿ ಒಯ್ಯಿರಿ,” ಎಂದರು. ದಾನವ್ವ ಸುಮ್ಮನೆ ಹೇಗೆ ಹತ್ತುವುದು ಎಂದು ತಮ್ಮ ಹತ್ತಿರವಿದ್ದ ಬುದ್ಧನನ್ನು ಸೆರಗಿನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಹತ್ತಿದರು.

ಕತ್ತಲಾಗುವ ಮೊದಲೇ ಕೆಳಗಿನ ಮನೆಯಲ್ಲಿ ಸೊಂಟಮಟ ನೀರು ನಿಂತಿತು. ಉದಯಕುಮಾರರು ಜವಾಬ್ದಾರಿ ಮನುಷ್ಯ. ಪತ್ರಿಕೆಯಲ್ಲಿ ಬಂದಿದ್ದ ನೆರೆ ಸಹಾಯವಾಣಿಯ ನಂಬರು ಹಚ್ಚಿದರು. ತಾಲೂಕು ಕಚೇರಿಯ ನೆಲಮಹಡಿಗೂ ನೀರು ನುಗ್ಗಿದ್ದರಿಂದ ಆ ಕರೆಗಳನ್ನು ಮಧ್ಯಾಹ್ನದಿಂದ ಸಂಘಮಿತ್ರಾಳ ಮೊಬೈಲಿಗೆ ತಿರುಗಿಸಿದ್ದಾರೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಪಕ್ಕದ ಖೋಲಿಯಲ್ಲಿ ಫೋನು ರಿಂಗಣಿಸಿತು.

“ನಮಸ್ಕಾರ, ನೆರೆ ಸಹಾಯವಾಣಿ. ಹೇಳ್ರಿ.”

“ನಮಸ್ಕಾರ್ರಿ ಮೇಡಂ. ನಾನು ಉದಯಕುಮಾರ, ನಿವೃತ್ತ ಮುಖ್ಯಾಧ್ಯಾಪಕ.”

ದನಿ ಎರಡೂ ಕಿವಿಗೆ ಬಂತು. ಅರೆತೆರೆದ ಬಾಗಿಲಲ್ಲಿ ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು. ಆದರೆ ಶುರುವಾದದ್ದನ್ನು ನಡುವೆ ಬಿಡುವುದು ಇಬ್ಬರ ಸ್ವಭಾವದಲ್ಲೂ ಇರಲಿಲ್ಲ.

“ಎಷ್ಟು ಮಂದಿ ಅದೀರಿ?”

“ಆರು ಮಂದಿ. ಮನಿಯವ್ರು ಮೂರು, ಕನ್ಯಾ ನೋಡಾಕ ಬಂದವ್ರು ಮೂರು.”

“ಕನ್ಯಾ ಯಾರು?”

“ಕನ್ಯಾ ಇಲ್ಲಿಲ್ರಿ. ಎರಡನೇ ಹಂತದಾಗ ಐತಿ.”

“ವಯಸ್ಸಾದವ್ರು?”

“ಒಬ್ಬರು ಅದಾರ. ನನ್ನನ್ನ ಹಿಡೀಬ್ಯಾಡ್ರಿ.”

“ನಿಮಗ ಅರವತ್ನಾಲ್ಕು. ಹಿಡಿಯೂದ.” ಅವಳು ಹಾಳೆಯ ಮೇಲೆ ಬರೆದುಕೊಂಡಳು. “ನೂರಾ ಹದಿನೇಳನೇ ನಂಬರಿಗೆ ನಿಮ್ದು ಬರಕೊಂಡೇನಿ. ದೋಣಿ ಬರೂತನಕ ಮ್ಯಾಲಿನ ಮಹಡ್ಯಾಗ ಇರ್ರಿ.”

“ಅಲ್ಲೇ ಅದೇನ್ರಿ.”

“ಕಾಣತೈತ್ರಿ,” ಎಂದು ಅವಳು ಇಟ್ಟಳು. ಮುಂದಿನ ಕರೆ ಆಗಲೇ ಬರುತ್ತಿತ್ತು. ಆ ಸಂಜೆ ಅವಳು ನೂರೈವತ್ತರ ತನಕ ಬರೆದಳು. ಯಾರದೋ ಅಜ್ಜ ಅಟ್ಟದಿಂದ ಇಳಿಯಲೊಲ್ಲ, ಯಾರದೋ ಎಮ್ಮೆ ಜಿಮ್ಮಿನೊಳಗೆ ಹೊಕ್ಕಿದೆ. ಎಲ್ಲವನ್ನೂ ಒಂದೇ ದನಿಯಲ್ಲಿ ಕೇಳಿಸಿಕೊಂಡಳು. ತಮ್ಮ ಮಗಳು ಇಷ್ಟು ಗಟ್ಟಿ ಎಂದು ಉದಯಕುಮಾರರಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಮಾಯಾ ಸ್ಟೋವ್ ಹೊತ್ತಿಸುತ್ತಿದ್ದಾಗ ದಾನವ್ವ ಆ ಪ್ರಶ್ನೆ ಕೇಳಿದರು. “ಮಾಸ್ತರ, ನೀವು ಯಾ ಪೈಕಿ?”

ಈ ಪ್ರಶ್ನೆಯನ್ನು ಉದಯಕುಮಾರರು ವರ್ಗವಾಗಿ ಹೋದ ಪ್ರತಿ ಊರಲ್ಲೂ, ಮನೆ ಹುಡುಕುವಾಗ ಕೇಳಿಸಿಕೊಂಡಿದ್ದರು. ಸ್ವಂತ ಮನೆ ಕಟ್ಟಿಸಿದ್ದೇ ಇನ್ನು ಅದಕ್ಕೆ ಉತ್ತರ ಕೊಡುವ ಕೆಲಸ ಇರಬಾರದು ಎಂದು. ಈಗ ತಮ್ಮದೇ ಛಾವಣಿಯ ಕೆಳಗೆ ಕೂತು ಅವರು, “ಬೌದ್ಧರು,” ಎಂದರು.

ದಾನವ್ವ ಮೂಲೆಯಲ್ಲಿ ತಾವೇ ತಂದು ಕೂರಿಸಿದ್ದ ಬುದ್ಧನನ್ನು ನೋಡಿದರು. ಮಾಯಾ ತಾಟು ಮುಂದಿಟ್ಟಾಗ, “ನನಗ ಹಸಿವಿಲ್ಲ,” ಎಂದರು. ಮುರುಗೆಪ್ಪ ನೆಲ ನೋಡುತ್ತ ಕೂತರು. ಗುರುಬಸವ ಮಾತ್ರ ಎರಡು ಸಲ ನೀಡಿಸಿಕೊಂಡು ಉಂಡ. ಉದಯಕುಮಾರರು ತಮ್ಮ ತಾಟು ಅರ್ಧಕ್ಕೇ ಸರಿಸಿದರು. ಎದ್ದು ಹೋಗ್ರಿ ಎನ್ನಲು ಹೊರಗೆ ನೆಲವೇ ಇಲ್ಲ. ಇರ್ರಿ ಎನ್ನಲು ಬಾಯಿ ಬರದು.

ಸೋಮವಾರ ಬೆಳಿಗ್ಗೆ ಹಸಿಮೆಣಸಿನಕಾಯಿ ಹುರಿಯುವ ವಾಸನೆ ಎದ್ದಾಗ ದಾನವ್ವ ಅಡುಗೆಮನೆಯ ಬಾಗಿಲಿಗೆ ಬಂದರು. “ತಂಗಿ, ಸ್ವಲ್ಪ ಜಾಗಾ ಕೊಡು. ನನ್ನ ರೊಟ್ಟಿ ನಾನ ಬಡೀತೇನಿ.”

ಮಾಯಾ ತಿರುಗಿ ನೋಡದೆ ಹೇಳಿದರು. “ಹಿಟ್ಟು ನಮ್ದು, ನೀರು ನಮ್ದು, ಬೆಂಕಿ ನಮ್ದು. ಕೈ ಅಷ್ಟ ನಿಮ್ದು. ಬಡೀರಿ.”

ದಾನವ್ವ ಬಡಿದರು. ಎರಡನೆಯ ರೊಟ್ಟಿಗೆ ಮಣಿಕಟ್ಟು ನೋಯತೊಡಗಿತು. ಮೂರನೆಯದು ಅರ್ಧಕ್ಕೆ ಹರಿಯಿತು. ಮಾಯಾ ಆ ಹಿಟ್ಟು ಎಳೆದುಕೊಂಡು ನಾದಿ, ತಟ್ಟಿ, ಹಂಚಿಗೆ ಹಾಕಿದರು. “ಹಂಗಾದ್ರ ಬಡಿಯೂದು ನೀ ಮಾಡು, ನೀರು ನಾ ಸವರತೇನಿ,” ಎಂದರು ದಾನವ್ವ. ಹೀಗೆ ಹದಿನಾರು ರೊಟ್ಟಿ ಆದವು. ಯಾವುದರ ಮೇಲೆ ಯಾರ ಕೈ ಎಷ್ಟು ಬಿದ್ದಿದೆ ಎಂಬುದನ್ನು ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ದಾನವ್ವ ಮೂರು ತಿಂದರು. “ನಿನ್ನಿ ಸುಸಲಾದಾಗ ಉಪ್ಪು ಸ್ವಲ್ಪ ಕಡಿಮಿ ಆಗಿತ್ತು,” ಎಂದೂ ಹೇಳಿದರು. ಮಾಯಾ ನಕ್ಕರೋ ಇಲ್ಲವೋ ಉದಯಕುಮಾರರಿಗೆ ಕಾಣಲಿಲ್ಲ. ಅವರಿಗೆ ಮಾತ್ರ ರಾತ್ರಿ ಸತ್ತುಹೋಗಿದ್ದ ಹಸಿವು ಒಮ್ಮೆಲೇ ಬಂದು, ನಾಲ್ಕು ರೊಟ್ಟಿ ಹೊಡೆದರು.

ಹತ್ತು ಗಂಟೆಗೆ ಓಣಿಯ ತಿರುವಿನಲ್ಲಿ ಒಂದು ಹಂಸ ಕಾಣಿಸಿತು. ಆಳೆತ್ತರದ ಬಿಳಿ ಕುತ್ತಿಗೆ, ಕೆಂಪು ಚುಂಚು, ಕಾಡಿಗೆ ತೀಡಿದ ಕಣ್ಣು. ಕೆರೆಯಲ್ಲಿ ಮಕ್ಕಳನ್ನು ಕೂರಿಸಿ ಆಡಿಸುವ ಪೆಡಲ್ ದೋಣಿ ಅದು. ರಬ್ಬರ್ ದೋಣಿಗಳು ಸಾಲದೆ ಅದನ್ನೂ ಕರೆತಂದಿದ್ದರು. ಮುಂದೆ ಅದರ ಯಜಮಾನ ಮಕಬೂಲಸಾಬ ಪೆಡಲ್ ತುಳಿಯುತ್ತಿದ್ದ. ಪಕ್ಕದಲ್ಲಿ ಮಳೆಗೆ ಪ್ಲಾಸ್ಟಿಕ್ ತಾಡಪತ್ರಿ ಹೊದ್ದ ಒಬ್ಬ ಹುಡುಗಿ ಅವನಿಗಿಂತ ಜೋರಾಗಿ ತುಳಿಯುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅವಳ ತಂದೆ ತಾಯಿ, ನಡುವೆ ಒಂದು ಮಿಕ್ಸರು.

“ನೂರಾ ಹದಿನೇಳು ಯಾರ್ರಿ?” ಎಂದು ಮಕಬೂಲಸಾಬ ಕೆಳಗಿನಿಂದ ಕೂಗಿದ. “ಕನ್ಯಾ ತಂದೇನಿ.”

ಸಂಘಮಿತ್ರಾ ಮೆಟ್ಟಿಲಿಗೆ ಓಡಿದಳು. ಮಕಬೂಲಸಾಬ ಮೊಬೈಲಿನಲ್ಲಿ ಬಂದ ಸಂದೇಶ ತೋರಿಸಿದ. “ನೋಡಾಕ ಬಂದವ್ರು ಮೊದಲನೇ ಹಂತ, ಕನ್ಯಾ ಎರಡನೇ ಹಂತ ಅಂತ ಬರ್ದೀರಿ. ಕೂಡಿಸಬೇಕು ಅಂತ ನಾ ತಿಳಕೊಂಡ್ನಿ. ಅವರ ಮನಿಗೆ ಮಹಡಿ ಇಲ್ಲ, ನಿನ್ನಿಂದ ನೀರಿನ ಟಾಕಿ ಮ್ಯಾಲ ಕುಂತಿದ್ರು.” ಇನ್ನೂ ಹನ್ನೊಂದು ಮನೆ ಇವೆ ಎಂದು ಅವನು ಹಂಸವನ್ನು ತಿರುಗಿಸಿಕೊಂಡು ಹೋದ.

ಹೀಗೆ ಉದಯಕುಮಾರರ ಬಾಡಿಗೆ ಖೋಲಿಯಲ್ಲಿ, ಎಂಟು ಮಂದಿಯ ಎದುರು ಕನ್ಯಾಪರೀಕ್ಷೆ ನಡೆಯಿತು. ದಾಕ್ಷಾಯಿಣಿ ಒದ್ದೆ ಬಟ್ಟೆ ಬಿಚ್ಚಿ ಉದಯಕುಮಾರರ ಹಳೆಯ ಸಫಾರಿ ಅಂಗಿ, ಸಂಘಮಿತ್ರಾಳ ಪೈಜಾಮ ಹಾಕಿಕೊಂಡು ಬಂದು, ಚಾಪೆಯ ಮೇಲೆ ಕೂತಳು. ಹಲ್ಲು ಕಟಕಟ ಎನ್ನುತ್ತಿದ್ದವು. ಮಳೆಯಿರಲಿ, ನೀರಿರಲಿ, ಕ್ರಮ ಬಿಡಬಾರದು ಎಂದು ದಾನವ್ವ ಸೆರಗು ಸರಿಮಾಡಿಕೊಂಡರು. “ಹೆಸರೇನವ್ವಾ?”

“ಅಜ್ಜಿ, ಹೆಸರು ನಿಮಗ ಗೊತ್ತೈತಿ. ಮೊದಲ ಯಾರರ ನನಗ ಒಂದು ಕಪ್ ಚಾ ಕೊಡ್ರಿ.”

ಆಕೆಯ ತಾಯಿ ಹಣೆ ಒತ್ತಿಕೊಂಡರು. ಗುರುಬಸವ ಎದ್ದು ಅಡುಗೆಮನೆಗೆ ಹೋದ. ಹುಟ್ಟಿದಾಗಿನಿಂದ ಅವನು ಸ್ಟೋವ್ ಹೊತ್ತಿಸಿದ್ದನ್ನು ಕಂಡಿರದ ಮುರುಗೆಪ್ಪ ಬಾಗಿಲಲ್ಲೇ ಇಣುಕಿ ನಿಂತರು. ಕಡ್ಡಿಪೆಟ್ಟಿಗೆ ಅರ್ಧ ಖಾಲಿಯಾದ ಮೇಲೆ ಅವನು ಹೊಗೆಯಾಡುವ ಲೋಟ ತಂದ. ದಾಕ್ಷಾಯಿಣಿ ಒಂದು ಗುಟುಕು ಕುಡಿದು ಒಳಗೆ ನೋಡಿದಳು.

“ಚಾಪುಡಿ ಹಾಕಿಲ್ಲ ನೀವು.”

“ಮರೆತ್ನಿ.”

“ಇರಲಿ. ಬಿಸಿ ಐತಿ,” ಎಂದು ಪೂರ್ತಿ ಕುಡಿದಳು.

ಒಪ್ಪಿಗೆಯೇನು ಎಂದು ಮುರುಗೆಪ್ಪ ಸುತ್ತಿ ಬಳಸಿ ಕೇಳಿದಾಗ ಅವಳು, ನೀವು ನೋಡಿದಿರಿ, ಇನ್ನು ನೀರಿಳಿದ ಮೇಲೆ ನಾನು ನವಲಗುಂದಕ್ಕೆ ಬಂದು ನಿಮ್ಮನ್ನು ನೋಡುತ್ತೇನೆ, ಆಮೇಲೆ ಮಾತು ಎಂದಳು. ಹಾಗೇ ಮಾಡಿದಳು. ಶ್ರಾವಣದಲ್ಲಿ ಹೋಗಿ, ಮನೆಯ ಮಾಳಿಗೆ ಹತ್ತಿ ಇಳಿದು, ದಾನವ್ವನ ಜೊತೆ ಎರಡು ತಾಸು ಜಗಳದಂಥ ಮಾತಾಡಿ, ಹೂಂ ಎಂದಳು. ಅದು ಮುಂದಿನ ಮಾತು.

ಮಂಗಳವಾರ ಮಧ್ಯಾಹ್ನ ನೀರು ಇಳಿಯಿತು. ದಾಕ್ಷಾಯಿಣಿಯ ಮನೆಯವರು ಎರಡನೇ ಹಂತಕ್ಕೆ ನಡೆದರು. ಟ್ರ್ಯಾಕ್ಟರ್ ಬಂದು ನವಲಗುಂದದವರನ್ನು ಕರೆದೊಯ್ದಿತು. ಹೊರಡುವಾಗ ದಾನವ್ವ ಮಾಯಾ ಅವರ ಕೈ ಹಿಡಿದು ಏನೋ ಹೇಳಲು ಹೋಗಿ, “ಮಣಿಕಟ್ಟಿಗೆ ಏನರ ಎಣ್ಣಿ ಹೇಳು,” ಎಂದಷ್ಟೇ ಕೇಳಿದರು. ಮಾಯಾ ಹೇಳಿದರು. ಟ್ರ್ಯಾಕ್ಟರಿನಲ್ಲಿ ಕೂತ ಮೇಲೂ ದಾನವ್ವ ಇವರ ಕಡೆಯೇ ನೋಡುತ್ತಿದ್ದರು.

ಕೆಳಗಿನ ಮನೆಯಲ್ಲಿ ಮೊಣಕಾಲುದ್ದ ಕೆಸರು. ಫ್ರಿಜ್ಜು ಅಂಗಾತ ಬಿದ್ದಿತ್ತು. ಉದಯಕುಮಾರರು ಗುದ್ದಲಿ ಹಿಡಿದು ಗೇಟು ಬಿಡಿಸಲು ಹೋದರೆ, ಅದರ ಸಂದಿಯಲ್ಲಿ ಇಡೀ ಬಡಾವಣೆಯ ಚಪ್ಪಲಿಗಳು ಬಂದು ಕೂತಿದ್ದವು. ನೂರಾರು. ಅವರು ಒಂದೊಂದೇ ಎತ್ತಿ, ಕೆಸರು ಒರೆಸಿ, ಕಂಪೌಂಡಿನ ಗೋಡೆಯ ಮೇಲೆ ಸಾಲಾಗಿ ಇಡತೊಡಗಿದರು. ಸ್ವಲ್ಪ ಹೊತ್ತಿಗೆ ಜನ ಬರತೊಡಗಿದರು. ಹತ್ತು ವರ್ಷ ಒಂದೇ ಓಣಿಯಲ್ಲಿದ್ದೂ ಮಾತಾಡಿರದವರು ಬಂದು, “ಮಾಸ್ತರ, ನಂದೊಂದು ಕಂದು ಬಣ್ಣದ್ದು, ಎಡಗಾಲಿಂದು,” ಎನ್ನುತ್ತಿದ್ದರು.

“ಹೆಬ್ಬೆರಳಿನ ಅಂಗಟ ಹರಿದದ್ದೇನು?”

“ಹೌದ್ರಿ.”

“ಆ ಕಡೆ ನಾಲ್ಕನೇದು ನೋಡ್ರಿ. ಬಲಗಾಲಿಂದು ಇನ್ನೂ ಬಂದಿಲ್ಲ, ಸಂಜಿಗೆ ಬರ್ರಿ,” ಎಂದರು ಉದಯಕುಮಾರರು, ಮತ್ತೊಂದನ್ನು ಕೈಗೆತ್ತಿಕೊಳ್ಳುತ್ತ.