ಹರಿಯದೆ ಉಳಿದ ಚೀಟಿಗಳು

ಗಲ್ಫಿನ ಆ ಶಾಲೆಯ ಏಳನೇ ತರಗತಿಯ ಫ್ರೆಂಚ್ ಪುಸ್ತಕದಲ್ಲಿ ನಾಲ್ಕನೇ ಪಾಠ ದೇಶಗಳದು. ಇಟಲಿಯವನ ಪಕ್ಕ ಪಿಜ್ಜಾ, ಜರ್ಮನಿಯವನ ಪಕ್ಕ ಗಡಿಯಾರ, ಇಂಡಿಯದವನ ಪಕ್ಕ ಆನೆ. ಆ ಚಿತ್ರ ಕಂಡರೆ ಡೊರೊತಿ ಟೀಚರಿಗೆ ಮೈಯೆಲ್ಲ ಉರಿಯುತ್ತಿತ್ತು. ತನ್ನೂರು ಮಂಗಳೂರಿನ ಯಾವ ಮನೆಯಲ್ಲಿ ಆನೆ ಕಟ್ಟಿದ್ದಾರೆ?

ಹಾಗಾಗಿ ಆಕೆ ಮಕ್ಕಳ ಕೈಗೆ ಬಣ್ಣದ ಚೀಟಿ ಕೊಟ್ಟಳು. ಯಾವ ದೇಶದವರ ಬಗ್ಗೆ ಮನೆಯಲ್ಲಿ, ಬಸ್ಸಿನಲ್ಲಿ ಏನು ಕೇಳಿದ್ದೀರೋ ಅದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಆಮೇಲೆ ಒಂದೊಂದನ್ನೇ ಓದಿ, ಯಾಕೆ ಸುಳ್ಳು ಎಂದು ಹೇಳಿ ಹರಿದುಹಾಕೋಣ ಎಂದಳು. ಮಕ್ಕಳು ಬರೆದದ್ದೇ ಬರೆದದ್ದು. ಫಿಲಿಪೀನ್ಸಿನವರು ಆಯಾಗಳು, ಇಂಡಿಯದವರು ಜಿಪುಣರು, ಬಾಂಗ್ಲಾದವರು ಕಸ ಗುಡಿಸುವ ಕಳ್ಳರು. ಎಲ್ಲವನ್ನೂ ಗೋಡೆಗೆ ಅಂಟಿಸುವಷ್ಟರಲ್ಲಿ ಬೆಲ್ ಆಯಿತು. ಹರಿಯುವ ಕೆಲಸ ನಾಳೆಗೆ ಉಳಿಯಿತು.

ಮರುದಿನ ಆಕೆ ಶಾಲೆ ಮುಟ್ಟುವ ಮೊದಲೇ ಗೋಡೆಯ ಫೋಟೊ ಪೋಷಕರ ವಾಟ್ಸಾಪ್ ಮುಟ್ಟಿತ್ತು. ಸೂಪರ್‌ವೈಸರ್ ಅಮಿತಾ ಉಡುಪಿ ಕಡೆಯವಳು. ಡೊರೊತಿಯನ್ನು ಕರೆಸಿ ಬಾಗಿಲು ಹಾಕಿಕೊಂಡಳು.

"ಎಂತ ಮಾರಾಯ್ತಿ ಇದು? ಈ ಊರಲ್ಲಿ ಒಂದು ದೇಶದವರನ್ನು ಹೀಗೆ ಹೇಳಿದ್ರೆ ಕೇಸ್ ಆಗ್ತದೆ, ಗೊತ್ತುಂಟಲ್ಲ? ಪಾಠ ಅಂತ ನಾನು ಮ್ಯಾನೇಜ್‌ಮೆಂಟಿಗೆ ಹೇಳ್ತೇನೆ. ಆದ್ರೆ ಫೋಟೊ ಹೊರಗೆ ಹೋದದ್ದು ಹೇಗೆ? ಅವರಿಗೆ ಒಂದು ಹೆಸರು ಬೇಕು. ಇಲ್ಲದಿದ್ರೆ ನಿಂದೇ ಹೋಗ್ತದೆ."

ಡೊರೊತಿಯ ಗಂಡ ಲೆಸ್ಟರಿನ ಕೆಲಸ ಹೋಗಿ ನಾಲ್ಕು ತಿಂಗಳು. ಅವನ ವೀಸಾ, ಹತ್ತನೆಯಲ್ಲಿ ಓದುವ ಮಗಳು ಅಲಿಶಾಳ ವೀಸಾ, ಡಿಸ್ಕವರಿ ಗಾರ್ಡನ್ಸಿನ ಬಾಡಿಗೆ ಮನೆ, ಎಲ್ಲ ಈ ಒಂದು ನೌಕರಿಗೆ ಜೋತುಬಿದ್ದಿದ್ದವು.

"ನಾಲ್ಕು ಗಂಟೆ ಆದ್ಮೇಲೆ ರೂಮಿಗೆ ಹೋಗುವುದು ಕ್ಲೀನರ್ ಮೊನಿರ್ ಒಬ್ಬನೇ," ಎಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಈ ಬಾಂಗ್ಲಾದವರದ್ದು ನಿಮ್ಗೇ ಗೊತ್ತುಂಟಲ್ಲ ಮೇಡಂ."

ಅಷ್ಟು ಸಾಕಾಯಿತು. ಗಡ್ಡ ನೆರೆತ ಮೊನಿರ್ ಹನ್ನೊಂದು ವರ್ಷದಿಂದ ಆ ಕೋಣೆಗಳನ್ನು ಗುಡಿಸುತ್ತಿದ್ದ. ಟೀಚರ ಮೇಜಿನ ಪೆನ್ಸಿಲನ್ನೂ ಸರಿಸಿದವನಲ್ಲ. ನಿನ್ನ ಫೋನ್ ತೋರಿಸು ಎಂದು ಕೂಡ ಯಾರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಲ್ಲ ಊರಲ್ಲೂ ಇದ್ದದ್ದೇ. ಅವನನ್ನು ಕೆಲಸದಿಂದ ತೆಗೆದು ಶನಿವಾರದ ವಿಮಾನದಲ್ಲಿ ಊರಿಗೆ ಕಳಿಸುವುದೆಂದು ಕ್ಲೀನಿಂಗ್ ಕಂಪೆನಿ ತೀರ್ಮಾನಿಸಿತು.

ಬುಧವಾರ ಅವನು ವರಾಂಡದಲ್ಲಿ ಕಾದು ನಿಂತಿದ್ದ. "ಮೇಡಂ, ಆಪ್ ಬೋಲೋ ನಾ. ಮೈನೇ ನಹೀ ಕಿಯಾ." ತಾನು ಮಾಡಿಲ್ಲ, ನೀವಾದರೂ ಹೇಳಿ ಎಂದು ಬೇಡಿದ. ನೋಡುತ್ತೇನೆ ಎಂದು ಹೇಳಿ ಡೊರೊತಿ ಸರಸರ ನಡೆದಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಗುರುವಾರ ಊಟದ ಹೊತ್ತಿಗೆ ಅದೇ ತರಗತಿಯ ಅಕ್ಷಿತಾ ಮೇಜಿನ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು.

"ಮಿಸ್, ಫೋಟೊ ತೆಗ್ದದ್ದು ನಾನು. ಜಸ್ಟ್ ಫನ್ನಿಗೆ ಫ್ರೆಂಡ್ಸಿಗೆ ಕಳ್ಸಿದ್ದು. ಅಮಿತಾ ಮೇಡಮಿಗೆ ಹೇಳ್ಲಾ? ಕ್ಲೀನರ್ ಅಂಕಲ್ ಹೋಗುದು ಶನಿವಾರ ಅಲ್ವಾ?"

ಇನ್ನೂ ಎರಡು ದಿನವಿತ್ತು. ಈ ಹುಡುಗಿ ಬಾಯಿಬಿಟ್ಟರೆ ಮೊನಿರ್ ಉಳಿಯುತ್ತಾನೆ. ತರಗತಿಯಲ್ಲಿ ಮಕ್ಕಳಿಗೆ ಫೋನ್ ಬಳಸಲು ಬಿಟ್ಟದ್ದು ಯಾರು, ಸುಳ್ಳು ಹೆಸರು ಕೊಟ್ಟದ್ದು ಯಾರು ಎಂಬ ಪ್ರಶ್ನೆಯೂ ಏಳುತ್ತದೆ. ಡೊರೊತಿಗೆ ಅಲಿಶಾಳ ಪರೀಕ್ಷೆ ನೆನಪಾಯಿತು.

"ಬೇಡ ಮಗಾ. ಖಲಾಸ್, ಮುಗೀತು ಅದು. ಫೋಟೊ ಡಿಲೀಟ್ ಮಾಡು."

"ಬಟ್ ಮಿಸ್, ಅಂಕಲ್ ಏನೂ ಮಾಡ್ಲಿಲ್ಲ."

ಹುಡುಗಿ ಹೋಗಲೊಲ್ಲಳು. ಕಾರಣ ಬೇಕಿತ್ತು ಅವಳಿಗೆ. ಡೊರೊತಿ ಪುಸ್ತಕ ಮುಚ್ಚಿದಳು.

"ಅವ್ರೆಲ್ಲ ಹಾಗೇ. ಇವತ್ತಲ್ಲದಿದ್ರೆ ನಾಳೆ ಎಂತಾದ್ರೂ ಮಾಡ್ತಿದ್ದ."

ಅಕ್ಷಿತಾ ಒಂದು ಗಳಿಗೆ ಯೋಚಿಸಿದಳು. ಮಿಸ್ ಹೇಳಿದ ಮೇಲೆ ಸರಿಯೇ ಇರಬೇಕು. ಅವಳ ಮುಖ ಹಗುರಾಯಿತು. "ಓಕೆ ಮಿಸ್," ಎಂದು ಕಣ್ಣೊರೆಸಿಕೊಂಡು ಊಟಕ್ಕೆ ಓಡಿದಳು.